ಹದಿನೇಳನೇ ಚೀಲದ ಬಟಾಣಿ

ಒಣ ಬಟಾಣಿಯನ್ನು ಹೊರಗಿನಿಂದ ನೋಡಿ ಒಳಗೇನಿದೆ ಎಂದು ಹೇಳುವವರು ಯಾರಾದರೂ ಇದ್ದಿದ್ದರೆ ಬೀಜ ಸಂಘದವರು ಅವರನ್ನು ತಲೆಯ ಮೇಲೆ ಕೂರಿಸಿಕೊಂಡು ಮೆರೆಸುತ್ತಿದ್ದರು. ಅಂಥವರು ಯಾರೂ ಇಲ್ಲದ್ದಕ್ಕೇ ಅತ್ತೆಗೆ ಇಪ್ಪತ್ತೆರಡು ವರ್ಷದಿಂದ ಅಲ್ಲಿ ಕೆಲಸ ಇತ್ತು. ಕಾಳು ನೆನೆಹಾಕಬೇಕು, ಸಿಪ್ಪೆ ಬಿಡಿಸಬೇಕು, ಚಾಕುವಿನ ತುದಿ ಒತ್ತಿ ಎರಡು ಬೇಳೆ ಮಾಡಬೇಕು, ಬೇಳೆಯ ಚಪ್ಪಟೆ ಮೈ ನೋಡಬೇಕು. ಅಲ್ಲಿ ಕಂದು ಕಲೆ ಇದ್ದರೆ ಅದು ಕೆಟ್ಟ ಬೀಜ. ನೂರು ಕಾಳಿಗೆ ಐದು ಕಲೆಯ ತನಕ ಸಂಘ ಸಹಿಸಿಕೊಳ್ಳುತ್ತದೆ. ಆರನೆಯದು ಬಿತ್ತೋ, ಚೀಲ ವಾಪಸ್. ಅಷ್ಟೇ ಅಲ್ಲ, ಅದು ಬೆಳೆದ ತಾಕಿನ, ಅಂದರೆ ಆ ತುಂಡು ಹೊಲದ, ಹೆಸರನ್ನೇ ಬೀಜದ ಪಟ್ಟಿಯಿಂದ ಐದು ವರ್ಷ ಹೊಡೆದುಹಾಕುತ್ತಾರೆ.

ಆ ಬೆಳಿಗ್ಗೆ ಸೊಸೆಯ ಮುಂದೆ ಗಾಜಿನ ಬಟ್ಟಲಲ್ಲಿ ನೆನೆದು ಉಬ್ಬಿ ಕೂತಿದ್ದ ನೂರು ಕಾಳು ಅವರ ಮನೆಯದೇ ತಾಕಿನವು.

ಇದು ಅವಳಿಗೆ ಗೊತ್ತಿರಬಾರದಿತ್ತು. ಚೀಲದ ಮೇಲೆ ಹೆಸರಿರುವುದಿಲ್ಲ, ಬರೀ ನಂಬರು. ಯಾವ ಕಾಳು ಯಾರದೆಂದು ಒಡೆಯುವವರಿಗೆ ತಿಳಿಯಬಾರದು ಅಂತಲೇ ಹಾಗೆ. ಆದರೆ ಹದಿನೇಳನೇ ನಂಬರಿನ ಚೀಲದ ಬಾಯಿ ಹೊಲಿದವಳು ಅವಳೇ. ಅರ್ಧದಲ್ಲಿ ಬಿಳಿ ದಾರ ಮುಗಿದಿತ್ತು, ಉಳಿದರ್ಧವನ್ನು ಗಂಡನ ಅಂಗಿಯ ಗುಂಡಿ ಹೊಲಿಯುವ ನೀಲಿ ದಾರದಲ್ಲಿ ಮುಗಿಸಿದ್ದಳು. ನಿನ್ನೆ ಸಂಜೆ ಸಂಘದ ಗುಮಾಸ್ತರು ಆ ಚೀಲ ತಂದು ಮೇಜಿನ ಮೇಲೆ ಇಟ್ಟಾಗ ನೀಲಿ ಹೊಲಿಗೆಯ ಗುರುತು ಸಿಕ್ಕಿತ್ತು. ಅತ್ತೆ ಪಕ್ಕದಲ್ಲೇ ಇದ್ದರು. ಚೀಲ ಸವರಿದರು, "ಒಣಗಿದೆ ಚೆನ್ನಾಗಿ" ಅಂದರು, ಅಷ್ಟೇ. ನೀಲಿ ದಾರದ ಬಗ್ಗೆ ಚಕಾರ ಇಲ್ಲ. ಅಡುಗೆಮನೆಯಲ್ಲಿ ಒಂದು ಚಮಚ ಜಾಗ ಬದಲಾದರೂ ಕೇಳುವ ಅತ್ತೆ!

ಅವಳಿಗೆ ಆಗ ಅದು ಹೊಳೆಯಲಿಲ್ಲ. ಹೊಳೆಯುವುದಕ್ಕೆ ತಲೆಯಲ್ಲಿ ಜಾಗ ಎಲ್ಲಿತ್ತು? ತಲೆ ತುಂಬಾ ಬೂದಿ.

ಬೂದಿಯ ಕಥೆ ಹೇಳಿಬಿಡಬೇಕು. ಬೀಜದ ತಾಕು ಮನೆಯ ಹಿಂದೆಯೇ. ಮಾವ ತೀರಿಕೊಂಡ ಮೇಲೆ ಅತ್ತೆ ಒಬ್ಬರೇ ಅದನ್ನು ಕೈಗೂಸಿನ ಹಾಗೆ ಸಾಕಿದವರು. ಯಾವಾಗ ಏನು ಹಾಕಬೇಕು ಎಲ್ಲ ಅವರದೇ ಲೆಕ್ಕ. ಬಿತ್ತುವಾಗ ಸಾಲಿಗೆ ರಂಜಕ, ಒಂದಿಷ್ಟು ಪೊಟ್ಯಾಷ್, ಸಾರಜನಕ ಮಾತ್ರ ಚಿಟಿಕೆಯಷ್ಟು. "ಬಟಾಣಿ ಬೇರಲ್ಲಿ ಗಂಟು ಕಟ್ಕೊಂಡು ತನ್ನ ಊಟ ತಾನೇ ಮಾಡ್ಕೊಳ್ಳತ್ತೆ. ಜಾಸ್ತಿ ಬಡಿಸಿದರೆ ಸೋಮಾರಿ ಆಗತ್ತೆ. ಬಳ್ಳಿ ಬೆಳೆಸ್ಕೊಂಡು ಕೂರತ್ತೆ, ಕಾಯಿ ಬಿಡಲ್ಲ" ಅನ್ನುತ್ತಿದ್ದರು. ಕಟ್ಟಪ್ಪಣೆ ಒಂದೇ: ನನ್ನ ಕೇಳದೆ ಆ ಮಣ್ಣಿಗೆ ಏನೂ ಬೀಳಬಾರದು.

ಮೂರು ವರ್ಷದ ಹಿಂದೆ ನೀರು ಕಾಯಿಸುವ ಒಲೆಯ ಬೂದಿಯನ್ನು ಸೊಸೆ ಬೇಲಿಯಾಚೆ ಚೆಲ್ಲಲು ಹೋಗಿ, ಬುಟ್ಟಿ ಜಾರಿ ಅರ್ಧ ತಾಕಿನೊಳಗೆ ಬಿತ್ತು. ಬೈಗುಳ ತಪ್ಪಿಸಿಕೊಳ್ಳಲು ಮಣ್ಣು ಕೆದಕಿ ಮುಚ್ಚಿದಳು. ಆ ಸಾಲು ಆ ವರ್ಷ ಬಂದದ್ದು ನೋಡಬೇಕಿತ್ತು! ಗಿಡ ಮೊಣಕಾಲುದ್ದ, ಹೂವೋ ಹೂವು, ಕಾಯಿ ಜೋತುಬಿದ್ದಿತ್ತು. ಅತ್ತೆ ಸಾಲಿನ ಮುಂದೆ ನಿಂತು, ಕಳೆ ಕಿತ್ತವಳು ಸೊಸೆಯಾದ್ದರಿಂದ, "ನಿನ್ನ ಕೈಗುಣ ಚೆನ್ನಾಗಿದೆ ಕಣೆ" ಅಂದರು. ಮದುವೆಯಾಗಿ ಒಂಬತ್ತು ವರ್ಷಕ್ಕೆ ಮೊದಲ ಹೊಗಳಿಕೆ. ಹೊಟ್ಟೆ ತಣ್ಣಗಾಗಿಬಿಟ್ಟಿತು ಅವಳಿಗೆ. ಅಂದಿನಿಂದ ವಾರಕ್ಕೆರಡು ಬುಟ್ಟಿ. ಅತ್ತೆ ಸಂಘಕ್ಕೆ ಹೋದ ಮೇಲೆ ಸಾಲು ಸಾಲಿಗೂ ಎರಚಿ, ಮಣ್ಣು ಎಳೆದು, ಕೈ ತೊಳೆದುಕೊಂಡು ಒಳಗೆ ಬರುತ್ತಿದ್ದಳು. ಇಳುವರಿ ಏರಿತು, ಹೊಗಳಿಕೆಯೂ ಏರಿತು. ಹೊಗಳಿಸಿಕೊಂಡು ರೂಢಿಯಾದರೆ ಬಿಡೋದು ಸುಲಭವಾ, ಹೇಳಿ?

ಹೋದ ತಿಂಗಳು ಮಣ್ಣು ಪರೀಕ್ಷೆಯವನು ಬಂದ. ಮನೆಯಲ್ಲಿ ಅವಳೊಬ್ಬಳೇ. ತಾಕಿನ ಮಣ್ಣನ್ನು ನೀರಿನಲ್ಲಿ ಕದಡಿ ಕಾಗದದ ಚೂರು ಅದ್ದಿದ. ಕಾಗದ ಕಡುನೀಲಿಗೆ ತಿರುಗಿತು.

"ಯಾರಮ್ಮ ಇಲ್ಲಿಗೆ ಸುಣ್ಣ ಸುರಿದೋರು?"

"ಸುಣ್ಣ ಹಾಕಿಲ್ಲಣ್ಣ."

"ಮತ್ತೆ ಬೂದಿನಾ? ಅದೂ ಇದೇ ಕೆಲಸ ಮಾಡತ್ತೆ. ಗಿಡ ನೋಡೋಕೆ ಜೋರಾಗಿರತ್ತೆ. ಆದರೆ ಮಣ್ಣಲ್ಲಿರೋ ಮ್ಯಾಂಗನೀಸು ಬಿಗಿದುಕೊಂಡುಬಿಡತ್ತೆ, ಬೇರಿಗೆ ಸಿಗಲ್ಲ. ಅದಿಲ್ಲ ಅಂದರೆ ಕಾಳಿನ ಹೊಟ್ಟೇಲಿ ಕಂದು ಕಲೆ. ಹೊರಗಿಂದ ಏನೂ ಗೊತ್ತಾಗಲ್ಲ. ಹೂ ಬಿಡುವಾಗ ಎಲೆ ಮೇಲೆ ಮ್ಯಾಂಗನೀಸು ಸಿಂಪಡಿಸಿದ್ದರೆ ಉಳೀತಿತ್ತು. ಈಗ ಕಾಯಿ ಬಲಿತಾಯ್ತಲ್ಲ." ಅವನು ಕಾಗದ ಬಿಸಾಡಿ, ಕೈ ಒರೆಸಿಕೊಂಡು, ಸೈಕಲ್ ಹತ್ತಿ ಹೋದ. ಹೇಳುವವನಿಗೇನು, ಹೇಳಿ ಹೋಗುತ್ತಾನೆ.

ಅಂದಿನಿಂದ ಅವಳಿಗೆ ಒಂದೇ ಯೋಚನೆ. ಆ ತಾಕು ಪಟ್ಟಿಯಿಂದ ಹೋದರೆ ಅತ್ತೆ ಉಳಿಯುವುದಿಲ್ಲ ಅಂತಲೇ ಅವಳ ಹೆದರಿಕೆ. ಅದಕ್ಕಿಂತ ಹೆಚ್ಚಾಗಿ, ಹೋದದ್ದು ಯಾರ ಕೈಯಿಂದ ಅಂತ ಅತ್ತೆಗೆ ಗೊತ್ತಾದರೆ? ಆ ಕೈಗುಣದ ಮಾತು ವಾಪಸ್ ತೆಗೆದುಕೊಂಡರೆ? ನಿನ್ನೆ ಕಾಳು ನೆನೆಹಾಕುವಾಗ ಬೇರೆ ಚೀಲದ ನೂರು ಕಾಳು ಹಾಕಿಬಿಡೋಣ ಅನ್ನಿಸಿತ್ತು. ಕೈ ಹದಿನೆಂಟನೇ ಚೀಲದ ತನಕ ಹೋಗಿಯೂ ಇತ್ತು. ಒಳ್ಳೆಯತನಕ್ಕೆ ವಾಪಸ್ ಬಂತು ಅಂದುಕೊಳ್ಳಬೇಡಿ, ಗುಮಾಸ್ತರ ಚಪ್ಪಲಿ ಸದ್ದಿಗೆ ಬಂತು.

ಪರೀಕ್ಷೆಯ ಕೋಣೆ ಚಿಕ್ಕದು. ಕಿಟಕಿಗೆ ಅಂಟಿಸಿದ ಹಾಗೆ ಒಂದು ಮೇಜು, ಒಂದು ಕಡೆ ಅತ್ತೆ, ಎದುರಿಗೆ ಸೊಸೆ. ಬಾಗಿಲ ಬಳಿ ಇನ್ನೊಂದು ಮೇಜು, ಅಲ್ಲಿ ಗುಮಾಸ್ತರು, ಅವರ ನಮೂನೆ ಹಾಳೆ, ಸೀಸದ ಮೊಹರು ಒತ್ತುವ ಇಕ್ಕಳ. ಗೋಡೆಯ ಬೀರುವಿನಲ್ಲಿ ಈ ಸಲ ಪಾಸಾಗಿ ಮೊಹರು ಬಿದ್ದ ಹದಿನಾರು ಚೀಲ. ಸಂಘದಲ್ಲಿ ಎಲ್ಲರೂ ಅತ್ತೆಯನ್ನು ಚಾಕಮ್ಮ ಅನ್ನುತ್ತಾರೆ. ಹಿಂದೊಮ್ಮೆ ಸಂಘದ ಅಧ್ಯಕ್ಷರ ಚೀಲವನ್ನೇ ಫೇಲು ಮಾಡಿದವರು. ಅಧ್ಯಕ್ಷರು ಕೂಗಾಡಿದರಂತೆ. ಅತ್ತೆ ಬೇಳೆಗಳನ್ನು ತಟ್ಟೆಯಲ್ಲಿಟ್ಟು ಅವರ ಮುಂದೆ ಹಿಡಿದು, "ನೀವೇ ಎಣಿಸಿ ಸ್ವಾಮಿ" ಅಂದರಂತೆ.

ಸೊಸೆ ಸೇರಿ ಮೂರು ವಾರ ಆಗಿತ್ತು. ಸಿಪ್ಪೆ ಬಿಡಿಸಿ ಹತ್ತು ಹತ್ತರಂತೆ ಹಲಗೆಯ ಮೇಲೆ ಇಡುವುದು ಅವಳ ಕೆಲಸ. ಅತ್ತೆ ಒಡೆದು, ಚಪ್ಪಟೆ ಮೈಯ ಮೇಲೆ ಹೆಬ್ಬೆರಳು ಒಮ್ಮೆ ಎಳೆದು, ಬದಿಗಿಡುತ್ತಾರೆ. ಅವನ್ನು ತಟ್ಟೆಯಲ್ಲಿ ಸಾಲಾಗಿ ಜೋಡಿಸಬೇಕು. ಹತ್ತು ಮುಗಿದಾಗ ಅತ್ತೆ ಎಷ್ಟು ಕಲೆ ಅಂತ ಗಟ್ಟಿಯಾಗಿ ಹೇಳುತ್ತಾರೆ, ಗುಮಾಸ್ತರು ಬರೆದುಕೊಳ್ಳುತ್ತಾರೆ. ಇಷ್ಟು ದಿನ ಸೊಸೆ ಬೇಳೆಗಳನ್ನು ಸರಿಯಾಗಿ ನೋಡಿದ್ದೇ ಇಲ್ಲ. ಅತ್ತೆ ನೋಡಿದ ಮೇಲೆ ತಾನೇನು ನೋಡೋದು?

ಇವತ್ತು ಮಾತ್ರ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕೂತಿದ್ದಳು.

ಮೊದಲ ಹತ್ತು. ಚಾಕು ಕಟ್ ಅಂತ ಒತ್ತುತ್ತಿತ್ತು. ಹಳದಿ ಹಸಿರಿನ ಬೇಳೆ, ಕನ್ನಡಿಯ ಹಾಗೆ ನಯ. ಒಂದೂ ಕಲೆ ಇಲ್ಲ.

"ಸೊನ್ನೆ" ಅಂದರು ಅತ್ತೆ.

ಎರಡನೇ ಹತ್ತರಲ್ಲಿ ಒಂದು ಕಾಳಿನ ನಡುಮಧ್ಯೆ ಗುಳಿ, ಗುಳಿಯ ಸುತ್ತ ಕಂದು. ಅತ್ತೆಯ ಹೆಬ್ಬೆರಳು ಅಲ್ಲಿ ನಿಂತಿತು. "ಒಂದು." ಗುಮಾಸ್ತರ ಪೆನ್ನು ಗೀಚಿತು. ಬಂತಲ್ಲಪ್ಪ, ಶುರುವಾಯಿತಲ್ಲ ಅಂದುಕೊಂಡಳು ಸೊಸೆ.

ಮೂರನೇ ಹತ್ತರಲ್ಲಿ ಏಳನೆಯ ಕಾಳು. ಗುಳಿ ಇರಲಿಲ್ಲ, ಆದರೆ ಎರಡೂ ಬೇಳೆಯ ನಡುವೆ ಟೀ ಚೆಲ್ಲಿದ ಹಾಗೆ ದುಂಡಗೆ ಕಂದು ಕಲೆ, ಎದ್ದು ಕಾಣುವಂಥದ್ದು. ಅತ್ತೆ ಹೆಬ್ಬೆರಳು ಎಳೆದರು, ಬದಿಗಿಟ್ಟರು. ಹತ್ತು ಮುಗಿಯಿತು.

"ಸೊನ್ನೆ."

ಸೊಸೆ ತಲೆಯೆತ್ತಿದಳು. ಅತ್ತೆಯ ಮುಖದಲ್ಲಿ ಏನೂ ಇಲ್ಲ. ಮುಂದಿನ ಹತ್ತಕ್ಕೆ ಕೈಚಾಚಿದ್ದರು. ಅವಳ ಮನಸ್ಸು ಕುಣಿಯಿತು. ಅತ್ತೆಗೆ ಗೊತ್ತು! ನೀಲಿ ದಾರ ನೋಡಿದ್ದಾರೆ, ಮನೆಯ ಕಾಳು ಅಂತ ಬಿಟ್ಟುಬಿಡುತ್ತಿದ್ದಾರೆ! ಒಂದು ಕ್ಷಣ ಹೋದ ಜೀವ ಬಂದ ಹಾಗಾಯಿತು. ಮರುಕ್ಷಣವೇ ನಾಚಿಕೆ ಮುಖಕ್ಕೆ ರಾಚಿತು. ಅಧ್ಯಕ್ಷರಿಗೆ ತಟ್ಟೆ ಹಿಡಿದ ಹೆಂಗಸು ಹೀಗೆ ಮಾಡ್ತಾರಾ? ಅದೂ ಇಷ್ಟು ತಣ್ಣಗೆ?

ನಾಲ್ಕನೇ ಹತ್ತರಲ್ಲಿ ಗುಳಿಯಿದ್ದದ್ದು ಒಂದು, ಬರೀ ಕಲೆಯಿದ್ದದ್ದು ಒಂದು. "ಒಂದು" ಅಂದರು ಅತ್ತೆ. ಐದರಲ್ಲಿ ಬರೀ ಕಲೆ ಒಂದು. "ಸೊನ್ನೆ." ಗುಳಿಯಿದ್ದದ್ದು ಸಿಗುತ್ತಿದೆ, ಬರೀ ಬಣ್ಣವಿದ್ದದ್ದು ಸಿಗುತ್ತಿಲ್ಲ. ಬೆರಳಿಗೆ ಸಿಕ್ಕಿದ್ದು ಮಾತ್ರ ಸಿಗುತ್ತಿದೆ.

ಆಗ ನೀಲಿ ದಾರ ನೆನಪಾಯಿತು. ಈಚೆಗೆ ಅತ್ತೆ ಟೀ ಲೋಟಕ್ಕೆ ಕೈ ಚಾಚುವ ಮೊದಲು ಮೇಜು ಸವರುವುದು, ಮೆಟ್ಟಿಲಿಳಿಯುವಾಗ ಮಾತು ನಿಲ್ಲಿಸುವುದು, "ನೀನೇ ಸಂಘಕ್ಕೆ ಬಂದು ನನ್ನ ಜೊತೆ ಕೂತ್ಕೋ" ಅಂತ ಹಠ ಹಿಡಿದದ್ದು, ಎಲ್ಲ ಒಂದರ ಹಿಂದೊಂದು ಬಂದು ನಿಂತವು. ನಂಬಲಾಗದೆ, ಕಲೆಯಿದ್ದ ಬೇಳೆಯೊಂದನ್ನು ತಟ್ಟೆಯಿಂದ ಎತ್ತಿ ಅತ್ತೆಯ ಅಂಗೈಗೆ ಇಟ್ಟಳು.

"ಅತ್ತೆ, ಇದೊಂದು ಸಲ ನೋಡ್ತೀರಾ?"

ಅತ್ತೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ಚೆನ್ನಾಗಿ ನೋಡಿದರು. ಅವರ ಕಣ್ಣ ಕಡೆಗೆ ಇದ್ದದ್ದು ಬೇಳೆಯ ಗುಂಡು ಬೆನ್ನು. ಕಲೆ ಕಿಟಕಿಯ ಕಡೆಗಿತ್ತು.

"ಚೆನ್ನಾಗೇ ಇದೆಯಲ್ಲ. ಯಾಕೆ?"

"ಏನಿಲ್ಲ ಅತ್ತೆ."

ಅಯ್ಯೋ ದೇವರೇ. ಇಷ್ಟು ಹೊತ್ತು ಅವಳನ್ನು ತಿನ್ನುತ್ತಿದ್ದ ಹೆದರಿಕೆ ಮಗುವಿನಂಥದ್ದು ಅನ್ನಿಸುವ ಹಾಗೆ ಇನ್ನೊಂದು ಹೆದರಿಕೆ ಬಂದು ಎದೆಯ ಮೇಲೆ ಕೂತಿತು. ಬಾಯಿ ಬಿಟ್ಟರೆ ತಾಕೂ ಹೋಯಿತು, ಅತ್ತೆಯ ಇಪ್ಪತ್ತೆರಡು ವರ್ಷದ ಹೆಸರೂ ಹೋಯಿತು, ಅದೂ ಗುಮಾಸ್ತರ ಎದುರಿಗೆ. ಬಾಯಿ ಬಿಡದಿದ್ದರೆ? ಕೆಲಸಕ್ಕೆ ಸೇರಿದ ದಿನ ಅತ್ತೆ ಅವಳಿಗೆ ಕಲೆಬೀಜದ ಮೊಳಕೆ ತೋರಿಸಿದ್ದರು. ಕುಡಿಯೇ ಇಲ್ಲ. ಕುಡಿ ಇರಬೇಕಾದ ಕಡೆ ಸುಟ್ಟ ಮೊಂಡು, ಅದರ ಬುಡದಿಂದ ದಾರದಂಥ ಎರಡು ಬಡಕಲು ಚಿಗುರು. "ನಮ್ಮ ಮೊಹರು ನಂಬಿ ಬಿತ್ತಿದವರ ಹೊಲದಲ್ಲಿ ಹೀಗೆ ಆಗಬಾರದು, ಅದಕ್ಕೇ ನಾವಿರೋದು" ಅಂದಿದ್ದರು.

ಆರನೇ ಹತ್ತು, ಏಳನೇ ಹತ್ತು. ಸಿಪ್ಪೆ ಬಿಡಿಸುವಾಗ ಒಂದು ಕಾಳು ಸೊಸೆಯ ಬೆರಳಿನಿಂದ ಜಾರಿ ನೆಲಕ್ಕೆ ಹಾರಿತು.

"ಏನಮ್ಮ, ಬಟಾಣಿಗೆ ಜೀವ ಬಂತಾ?" ಗುಮಾಸ್ತರು ನಕ್ಕರು. ಒಳ್ಳೆಯ ಮನುಷ್ಯ, ಹೊತ್ತಲ್ಲದ ಹೊತ್ತಲ್ಲಿ ತಮಾಷೆ ಮಾಡುವುದೊಂದು ಚಟ. ಅವಳು ಮೇಜಿನ ಕೆಳಗೆ ಬಗ್ಗಿ ಹುಡುಕುವ ನೆಪದಲ್ಲಿ ನಾಲ್ಕು ಉಸಿರು ಎಳೆದುಕೊಂಡಳು. ಅಲ್ಲೇ ಕೂತುಬಿಡೋಣ, ಯಾರೂ ಕರೆಯದಿರಲಿ ಅನ್ನಿಸಿತು.

ನೂರು ಮುಗಿಯುವ ಹೊತ್ತಿಗೆ ಅತ್ತೆಯ ಎಣಿಕೆ ನಾಲ್ಕು. ಸೊಸೆಯ ಎಣಿಕೆ ಹನ್ನೊಂದು.

"ನಾಲ್ಕು. ಪಾಸು" ಅಂದರು ಅತ್ತೆ. ಗುಮಾಸ್ತರು ಬರೆದರು, ಎದ್ದರು, ಇಕ್ಕಳ ತೆಗೆದುಕೊಂಡು ಹದಿನೇಳನೇ ಚೀಲದ ಬಳಿಗೆ ಹೋದರು. ಸೀಸದ ಬಿಲ್ಲೆ ದಾರಕ್ಕೆ ಪೋಣಿಸಿದರು. ಇಕ್ಕಳ ಬಾಯಿ ತೆರೆಯಿತು. ಸೊಸೆ ಎದ್ದು ನಿಂತಳು.

"ಸರ್, ಒತ್ತಬೇಡಿ!"

ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ. ಗುಮಾಸ್ತರು ಇಕ್ಕಳ ಹಿಡಿದವರು ಹಿಡಿದ ಹಾಗೇ ನಿಂತರು.

"ತಪ್ಪಾಗಿದೆ ಸರ್. ನಾನು... ನಾನು ಸರಿಯಾಗಿ ನೆನೆಹಾಕಿಲ್ಲ. ನೀರು ಕಮ್ಮಿ ಆಗಿತ್ತು. ಕಾಳು ಸರಿಯಾಗಿ ನೆನೆಯದೇ ಇದ್ದರೆ ಕಲೆ ಕಾಣಲ್ಲ. ಬೇರೆ ನೂರು ಕಾಳು ನೆನೆಹಾಕ್ತೀನಿ. ನಾಳೆ ಬೇಕಾದರೆ ಚಾಕು ನಾನೇ ಹಿಡೀತೀನಿ, ಅತ್ತೆಗೆ ಸುಸ್ತು..."

"ಸುಳ್ಳು" ಅಂದರು ಅತ್ತೆ.

ಗುಮಾಸ್ತರು ಅತ್ತೆಯ ಕಡೆ ತಿರುಗಿದರು.

"ಕಾಳು ಸರಿಯಾಗೇ ನೆನೆದಿದೆ ಗುಮಾಸ್ತರೇ. ನೆನೆದಿಲ್ಲ ಅಂದರೆ ನನ್ನ ಚಾಕುಗೆ ಗೊತ್ತಾಗಲ್ವಾ?" ಅತ್ತೆ ಚಾಕುವನ್ನು ಹಲಗೆಯ ಮೇಲೆ ಇಟ್ಟರು. "ಮೂರನೇ ಹತ್ತರಿಂದ ನಿನ್ನ ಉಸಿರು ಸರಿಯಿಲ್ಲ ಕಣೆ. ಅಲ್ಲಿಂದ ಏನೋ ಕಾಣ್ತಿದೆ ನಿನಗೆ. ಎಷ್ಟು?"

ಅವಳು ಹಲಗೆಯ ಮೇಲಿನ ಸಿಪ್ಪೆ ಬಳಿಯತೊಡಗಿದಳು.

"ನನಗೆ ಕಾಣಲ್ಲ" ಅಂದರು ಅತ್ತೆ, ಗುಮಾಸ್ತರ ಕಡೆ ಮುಖ ತಿರುಗಿಸಿ. ಗುಮಾಸ್ತರು ಅಲ್ಲಿರಲಿಲ್ಲ, ಒಂದು ಮಾರು ಎಡಕ್ಕಿದ್ದರು. "ಹೋದ ವರ್ಷದಿಂದ ಮಂಜು ಮಂಜು. ಈ ವರ್ಷ ಬಣ್ಣವೇ ಇಲ್ಲ. ಹೆಬ್ಬೆರಳಿಗೆ ಸಿಕ್ಕತ್ತಲ್ಲ, ಸಾಕು ಅಂತ ನನಗೆ ನಾನೇ ಹೇಳ್ಕೊಂಡೆ. ಹೇಳಿದರೆ ಮನೇಲಿ ಕೂರಿಸ್ತೀರಿ ಅಂತ ಹೆದರಿಕೆ. ಇವಳನ್ನ ಪಕ್ಕದಲ್ಲಿ ಕೂರಿಸ್ಕೊಂಡರೆ ಏನಾದರೂ ತಪ್ಪಿದರೆ ಹೇಳ್ತಾಳೆ ಅಂದ್ಕೊಂಡೆ. ಇವಳು ನೋಡಿದರೆ ನನ್ನ ನಂಬ್ಕೊಂಡು ಕೂತಿದ್ದಳು."

ಗುಮಾಸ್ತರು ಇಕ್ಕಳವನ್ನು ಮೆಲ್ಲಗೆ ಮೇಜಿನ ಮೇಲೆ ಇಟ್ಟರು.

ಸೊಸೆಗೆ ಅಳು ಒತ್ತರಿಸಿ ಬಂತು. ಅತ್ತೆ ತಮ್ಮದನ್ನೆಲ್ಲ ಬಿಚ್ಚಿ ಮೇಜಿನ ಮೇಲೆ ಇಟ್ಟ ಮೇಲೆ ತನ್ನದನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡು ಕೂರುವುದು ಹೇಗೆ? "ಅತ್ತೆ, ಈ ಚೀಲ ನಮ್ಮದು" ಅಂದಳು. "ಹೊಲಿಗೆ ನಂದೇ, ಗೊತ್ತಾಯ್ತು. ಕಲೆ ಬಂದಿರೋದು ನನ್ನಿಂದ. ಮೂರು ವರ್ಷದಿಂದ ತಾಕಿಗೆ ಒಲೆ ಬೂದಿ ಹಾಕ್ತಿದ್ದೆ, ನಿಮಗೆ ಹೇಳದೆ. ನನ್ನ ಕೈಗುಣ ಅಲ್ಲ ಅದು. ಬೂದಿ."

ಅತ್ತೆ ಬೈಯಲಿ ಅಂತ ಕಾದಳು. ಚಾಕು ಎಸೆದರೂ ಎಸೆಯಲಿ.

"ವಾರಕ್ಕೆ ಎಷ್ಟು ಬುಟ್ಟಿ?"

"ಎರಡು."

"ಎರಡು ಬುಟ್ಟಿ!" ಅತ್ತೆ ಹಣೆಗೆ ಕೈಯಿಟ್ಟುಕೊಂಡರು. "ಹೂ ಜಾಸ್ತಿ ಆದಾಗಲೇ ಕೇಳಬೇಕಿತ್ತು ನಾನು. ಕೇಳಲಿಲ್ಲ. ಈ ಮಂಜುಗಣ್ಣಿಗೆ ಕಾಣ್ತಿದ್ದದ್ದು ಅದೊಂದೇ, ಬೆಳ್ಳಗೆ, ತಾಕಿನ ತುಂಬಾ. ಖುಷಿಯಾಗ್ತಿತ್ತು." ಆಮೇಲೆ ದನಿ ಎತ್ತಿದರು. "ಗುಮಾಸ್ತರೇ, ಬೀರುವಿನಲ್ಲಿರೋ ಹದಿನಾರಕ್ಕೂ ಮೊಹರು ಬಿಚ್ಚಿ. ಒಂದೂ ಆಚೆ ಹೋಗಬಾರದು. ಹೋದ ವರ್ಷದ್ದು ಯಾರ್‍ಯಾರ ಮನೆಗೆ ಹೋಗಿದೆ ಅಂತ ಪಟ್ಟಿ ತೆಗೀರಿ, ನಾನೇ ಹೋಗಿ ಕೇಳ್ತೀನಿ. ಮೊದಲು ಇದನ್ನ ಮುಗಿಸೋಣ."

ಅವರು ಮೇಜು ಸವರಿ ತಟ್ಟೆಯನ್ನು ಹುಡುಕಿ ಸೊಸೆಯ ಮುಂದೆ ನೂಕಿದರು. ಒಡೆದ ಬೇಳೆಗಳೆಲ್ಲ ಸಾಲು ಸಾಲಾಗಿ ಅದರಲ್ಲೇ ಇದ್ದವು.

"ಎಣಿಸು."

"ಅತ್ತೆ, ಐದು ವರ್ಷ ತಾಕು..."

"ಎಷ್ಟು ವರ್ಷ ಅಂತ ನನಗೆ ಗೊತ್ತಿಲ್ವಾ? ಎಣಿಸು."

ಅವಳು ಎಣಿಸಿದಳು. ಮೊದಲ ಸಾಲಲ್ಲಿ ಏನೂ ಇಲ್ಲ. ಎರಡರಲ್ಲಿ ಒಂದು, ಮೂರರಲ್ಲಿ ಒಂದು. ಎರಡು ಅಂತ ಹೇಳುವಾಗಲೇ ದನಿ ಕ್ಷೀಣವಾಗಿತ್ತು. ನಾಲ್ಕನೇ ಸಾಲಿಗೆ ನಾಲ್ಕಾಯಿತು, ಐದಕ್ಕೆ ಐದು. ಆರನೇ ಸಾಲಿನ ಮೂರನೇ ಕಾಳು, ಟೀ ಚೆಲ್ಲಿದಂಥ ದುಂಡನೆಯ ಕಲೆ, ಅವಳ ಬೆರಳ ತುದಿಯ ಕೆಳಗೆ ಇತ್ತು. ಬೆರಳು ಅಲ್ಲೇ ನಿಂತಿತು. ಅತ್ತೆ ಕಾಣದ ಕಣ್ಣನ್ನು ಆ ಬೆರಳಿನ ಕಡೆಗೇ ನೆಟ್ಟಿದ್ದರು.

"ಆರು" ಅಂದಳು, ಬಾಯೊಳಗೇ.

"ಗಟ್ಟಿಯಾಗಿ ಹೇಳು" ಅಂದರು ಅತ್ತೆ. "ಬರ್ಕೊಳ್ಳೋರಿಗೆ ಕೇಳಬೇಕು."

"ಆರು!"

ಬಾಗಿಲ ಬಳಿಯ ಮೇಜಿನಿಂದ ಪೆನ್ನಿನ ಸದ್ದು ಬರಲಿಲ್ಲ. ಗುಮಾಸ್ತರು ಕಿಟಕಿಯಾಚೆ ನೋಡುತ್ತಿದ್ದರು. ಆ ಸದ್ದು ಬರುವ ತನಕ ಅತ್ತೆ ಕಾದರು. ಬಂದ ಮೇಲೆ ಹಲಗೆಯ ಮೇಲಿದ್ದ ಚಾಕುವನ್ನು ಒರೆಸಿ, ಹಿಡಿ ಸೊಸೆಯ ಕಡೆಗೆ ಬರುವಂತೆ ತಿರುಗಿಸಿ, ತಟ್ಟೆಯ ಪಕ್ಕಕ್ಕೆ ಇಟ್ಟರು.

"ನಿಲ್ಲಿಸಬೇಡ. ಇನ್ನೂ ನಲವತ್ತೇಳು ಕಾಳಿದೆ."